ಭಾಸ್ಕರಣ್ಣ ಹೊರಟರು

ಶಾಲೆಯ ಪ್ರಬಂಧ ಸ್ಪರ್ಧೆಯಲ್ಲಿ ಎರಡು ಸಲ ಸ್ಟೀಲಿನ ಲೋಟ ಗೆದ್ದವಳು ನಾನು. ಬರವಣಿಗೆ ಎಂದರೆ ನನಗೆ ನೀರು ಕುಡಿದಷ್ಟು ಸುಲಭ. ಮದುವೆಯಾಗಿ ಕುವೈತಿಗೆ ಬರುವಾಗ ಅರ್ಧಕ್ಕೆ ಬಿಟ್ಟ ಡಿಗ್ರಿಯನ್ನು ನಲವತ್ತಾರನೆಯ ವಯಸ್ಸಿನಲ್ಲಿ ಇಲ್ಲಿಯೇ ಒಂದು ಸಂಜೆ ಕಾಲೇಜಿನಲ್ಲಿ ಮುಗಿಸುವುದೆಂದು ತೀರ್ಮಾನಿಸಿದೆ. ವಿಷಯಗಳ ಪಟ್ಟಿಯಲ್ಲಿ 'ಡಿಜಿಟಲ್ ಬರವಣಿಗೆ ಮತ್ತು ಮಲ್ಟಿಮೋಡಲ್ ಮನವೊಲಿಕೆ' ಎಂದಿತ್ತು. ಕಣ್ಣುಮುಚ್ಚಿ ಟಿಕ್ ಹಾಕಿದೆ.

ಮನೆಗೆ ಬಂದು ಗಂಡನಿಗೆ ಹೇಳಿದೆ. ಅದೇ ವಾರ ನಾನು ಜಾಬ್ರಿಯಾದ ಕ್ಲಿನಿಕ್ಕಿಗೆ ರಕ್ತ ಪರೀಕ್ಷೆಗೆ ಹೋಗಿ ಬಂದಿದ್ದೆ.

"ಮಲ್ಟಿಮೋಡಲ್ ಅಂದ್ರೆ ಎಂತದು? ಥೈರಾಯ್ಡಿಗೆ ಸಂಬಂಧಪಟ್ಟದ್ದಾ?" ಎಂದು ಸದಾನಂದರು ಗಾಬರಿಯಿಂದ ಕೇಳಿದರು.

ಅಲ್ಲ ಎಂದು ವಿವರಿಸಿದೆ. ಬರೀ ಅಕ್ಷರದಿಂದ ಜನರ ಮನಸ್ಸು ಒಲಿಸುವ ಕಾಲ ಹೋಯಿತು. ಈಗ ಅಕ್ಷರ, ಚಿತ್ರ, ಬಣ್ಣ, ಸಂಗೀತ, ಧ್ವನಿ ಎಲ್ಲ ಸೇರಿ ಒಟ್ಟಾಗಿ ಒಂದು ಅರ್ಥ ಹೇಳಬೇಕು. ಅವರು ಇಡೀ ವಿವರಣೆ ಕೇಳಿ, ಹಾಗಾದರೆ ಇದು ಯಕ್ಷಗಾನ ಎಂದರು. ನಾನು ಹೊಸ ನೋಟ್‌ಬುಕ್ಕಿಗೆ ಬೈಂಡು ಹಾಕಲು ಕೂತೆ. ಕಾಲೇಜು ಸೇರಿದವಳಿಗೆ ಒಂದು ಘನತೆ ಇರಬೇಕಲ್ಲ!

ಈಗ ನೆನೆದರೆ ಆ ದಿನಗಳು ಎಷ್ಟು ಚೆಂದವಿದ್ದವು ಅನಿಸುತ್ತದೆ. ಆಫೀಸು ಮುಗಿಸಿ ಫರ್ವಾನಿಯಾದಿಂದ ಬಸ್ಸು ಹಿಡಿದು, ಮಗಳು ದೀಕ್ಷಾಳ ಹಳೆಯ ಪೆನ್ಸಿಲ್ ಡಬ್ಬಿ ಬ್ಯಾಗಿನಲ್ಲಿಟ್ಟುಕೊಂಡು ಕ್ಲಾಸಿಗೆ ಹೋಗುವಾಗ ನನಗೆ ಹತ್ತೊಂಬತ್ತೇ ವರ್ಷ. ವಾಪಸು ಬರುವಾಗ ಮಾತ್ರ ಮಂಡಿ ನೋವು ನಿಜವಾದ ವಯಸ್ಸು ಹೇಳುತ್ತಿತ್ತು. ಪಕ್ಕದಲ್ಲಿ ಒಬ್ಬ ಫಿಲಿಪೈನ್ಸಿನ ನರ್ಸು, ಹಿಂದೆ ಒಬ್ಬ ಈಜಿಪ್ಟಿನ ಗುಮಾಸ್ತ. ಪಾಠ ಹೇಳುವವರು ಮಿಸ್ ರಾನಿಯಾ, ಲೆಬನಾನಿನವರು. ವಯಸ್ಸಿನಲ್ಲಿ ನನಗಿಂತ ಹದಿನೈದು ವರ್ಷ ಚಿಕ್ಕವರು. ನಾನು ಅಭ್ಯಾಸಬಲದಿಂದ ಎದ್ದು ನಿಂತು ಉತ್ತರ ಹೇಳುತ್ತಿದ್ದೆ. ಕೂತುಕೊಳ್ಳಿ ಎಂದು ಹೇಳಿ ಹೇಳಿ ಅವರಿಗೇ ಸುಸ್ತಾಯಿತು.

ಕೊನೆಯ ಅಸೈನ್‌ಮೆಂಟ್ ಹೀಗಿತ್ತು: ಅರ್ಧ ನಿಮಿಷದ ಒಂದು ಸಂದೇಶ ತಯಾರಿಸಿ, ಅದರಿಂದ ಕನಿಷ್ಠ ಮೂವತ್ತು ಜನ ನಿಜವಾಗಿ ಒಂದು ಕೆಲಸ ಮಾಡುವಂತೆ ಮನವೊಲಿಸಬೇಕು. ಪುರಾವೆಗೆ ಫೋಟೋ ತರಬೇಕು.

ನನ್ನ ತಲೆಗೆ ತಕ್ಷಣ ಬಂದದ್ದು ಭಾಸ್ಕರಣ್ಣ. ನಮ್ಮ ಬಿಲ್ಡಿಂಗಿನ ಎದುರಿನ ಹೋಟೆಲಿನಲ್ಲಿ ಇಪ್ಪತ್ತೆಂಟು ವರ್ಷದಿಂದ ಅಡುಗೆ ಮಾಡುತ್ತಿದ್ದವರು, ಉಡುಪಿ ಕಡೆಯವರು. ಕುವೈತ್ ಬಿಟ್ಟು ಊರಿಗೆ ಹೋಗುವ ಪ್ರತಿಯೊಬ್ಬರ ಬೀಳ್ಕೊಡುಗೆಗೂ ಅವರದೇ ಪಾಯಸ. ಈಗ ಅವರ ಸರದಿ ಬಂದಿತ್ತು. ಇಕಾಮಾ ಎಂಬ ಇಲ್ಲಿನ ವಾಸದ ಪರವಾನಗಿ ಕ್ಯಾನ್ಸಲ್ ಆಗಿ, ಶನಿವಾರದ ವಿಮಾನಕ್ಕೆ ಟಿಕೆಟ್ಟೂ ಬಂದಿತ್ತು. ಒಂದು ಕಾರ್ಯಕ್ರಮ ಮಾಡೋಣ ಎಂದರೆ ಅವರು ಒಪ್ಪಲೇ ಇಲ್ಲ.

"ಬೇಡ ಸುಮತಿ. ಶುಕ್ರವಾರ ಒಂದು ರಜೆ ಜನರಿಗೆ. ಅಡುಗೆಯವನನ್ನು ಕಳಿಸ್ಲಿಕ್ಕೆ ನಿದ್ದೆ ಬಿಟ್ಟು ಯಾರು ಬರ್ತಾರೆ? ಖಾಲಿ ಕುರ್ಚಿ ನೋಡಿ ಹೋಗುದಕ್ಕಿಂತ ಸುಮ್ಮನೆ ಹೋಗುದೇ ಒಳ್ಳೇದು."

ಹೇಳುವಾಗ ನಗುತ್ತಲೇ ಇದ್ದರು. ಆದರೆ ಸೌಟು ಹಿಡಿದ ಕೈ ತಿರುಗುವುದನ್ನು ನಿಲ್ಲಿಸಿತ್ತು. ಹೋಟೆಲಿನ ಮಹಡಿಯ ಹಾಲಿನಲ್ಲಿ ಅರವತ್ತು ಕುರ್ಚಿ ಇವೆ, ತುಂಬಿಸುವ ಜವಾಬ್ದಾರಿ ನನ್ನದು ಎಂದು ಮಾತು ಕೊಟ್ಟೆ. ಮಲ್ಟಿಮೋಡಲ್ ಓದಿದವಳಿಗೆ ಅರವತ್ತು ಕುರ್ಚಿ ಯಾವ ಲೆಕ್ಕ!

ಮೊದಲು ಚಿತ್ರ. ಭಾಸ್ಕರಣ್ಣನ ಹತ್ತಿರ ಇದ್ದದ್ದು ಪಾಸ್‌ಪೋರ್ಟಿಗೆ ತೆಗೆಸಿದ ಒಂದೇ ಫೋಟೋ. ಅದರಲ್ಲಿ ಅವರು ನೇರವಾಗಿ, ನಗದೆ, ನಮ್ಮೆಲ್ಲರನ್ನೂ ಕ್ಷಮಿಸಿದವರಂತೆ ನೋಡುತ್ತಿದ್ದರು. ಹಳೆಯ ನೆನಪು ಉಕ್ಕಿಸಲು ಬಣ್ಣ ತೆಗೆಯಬೇಕು ಎಂದು ಮಿಸ್ ಹೇಳಿಕೊಟ್ಟಿದ್ದರು. ತೆಗೆದೆ. ಉಡುಪಿಯವರಲ್ಲವೇ ಎಂದು ಸುತ್ತಲೂ ಮಲ್ಲಿಗೆ ಹೂವಿನ ಚೌಕಟ್ಟು ಹಾಕಿದೆ. ಶುಭ ಸಮಾರಂಭ ಎಂದು ಕೆಳಗೆ ಒಂದು ದೀಪ. ಸಂಗೀತಕ್ಕೆ ಫೋನಿನಲ್ಲಿ ಪುಕ್ಕಟೆ ಸಿಕ್ಕಿದ್ದು ಎರಡು: ಒಂದು ಡಿಸ್ಕೋ, ಒಂದು ಕೊಳಲು. ಗೌರವ ಇರಲಿ ಎಂದು ಕೊಳಲನ್ನೇ ಆರಿಸಿದೆ.

ಇನ್ನು ಅಕ್ಷರ. ಎರಡು ಪುಟ ಬರೆದಿದ್ದೆ. 'ಇಪ್ಪತ್ತೆಂಟು ವರ್ಷ ನಮಗೆಲ್ಲ ಉಣಬಡಿಸಿ ಇದೀಗ ಹುಟ್ಟೂರಿಗೆ ಸಂತೋಷದಿಂದ ಮರಳುತ್ತಿರುವ' ಎಂದು ಆರಂಭವಾಗುತ್ತಿತ್ತು. ಮಿಸ್ ರಾನಿಯಾರಿಗೆ ಪ್ರತಿ ಸಾಲನ್ನೂ ಇಂಗ್ಲಿಷಿಗೆ ತಿರುಗಿಸಿ ಹೇಳಿದೆ. ಅವರು ಕತ್ತರಿಸುತ್ತಾ ಹೋದರು. ಹುಟ್ಟೂರು ಯಾಕೆ, ಎಲ್ಲಿಗೆ ಹೋಗುತ್ತಾರೆಂದು ಜನರಿಗೆ ಗೊತ್ತಿಲ್ಲವೇ ಎಂದರು. ಗೊತ್ತು ಎಂದೆ. ಹುಟ್ಟೂರು ಹೋಯಿತು. ಸಂತೋಷ ಎಂದು ಬರೆಯಬಾರದು, ತೋರಿಸಬೇಕು ಎಂದರು. ಸಂತೋಷವೂ ಹೋಯಿತು. ಕೊನೆಗೆ ಉಳಿದದ್ದು ಇಷ್ಟು:

'ಭಾಸ್ಕರಣ್ಣ ಹೊರಟರು. ಇನ್ನು ಬರುವುದಿಲ್ಲ. ಕಳಿಸಿಕೊಡಲು ಬನ್ನಿ. ಶುಕ್ರವಾರ, ಹನ್ನೊಂದು ಗಂಟೆ.'

ಇಂಗ್ಲಿಷಿನಲ್ಲಿ ಕೇಳಿ ಮಿಸ್ ಚಪ್ಪಾಳೆ ತಟ್ಟಿದರು. ಇಂಗ್ಲಿಷಿನಲ್ಲಿ ಅದು ನಿಜವಾಗಿ ಚೆನ್ನಾಗಿತ್ತು. ಹೋಗುವವರು ಕೂಡ 'ಬರ್ತೇನೆ' ಎಂದೇ ಹೇಳುವ ಭಾಷೆ ನಮ್ಮದು ಎಂಬುದು ಪಾಪ ಅವರಿಗೆ ಹೇಗೆ ಗೊತ್ತಾಗಬೇಕು? ಗೊತ್ತಿರಬೇಕಾದವಳು ನಾನು. ನಾನು ಮಾರ್ಕಿನ ಸಂಭ್ರಮದಲ್ಲಿದ್ದೆ.

ಧ್ವನಿ ಸದಾನಂದರದು. ಆ ವಾರದ ಧೂಳುಗಾಳಿಗೆ ಅವರ ಮೂಗು ಕಟ್ಟಿ ಗಂಟಲು ಬಿದ್ದಿತ್ತು. ನಾಲ್ಕು ಸಾಲು ಓದುವಷ್ಟರಲ್ಲಿ ಎರಡು ಸಲ ಮೂಗು ಎಳೆದುಕೊಂಡರು. ಭಾವ ತುಂಬಿ ಬಂದಿದೆ ಎಂದು ಹಾಗೆಯೇ ಉಳಿಸಿಕೊಂಡೆ.

ಗುರುವಾರ ಮಧ್ಯಾಹ್ನ ಊರವರ ಎಲ್ಲ ವಾಟ್ಸಾಪ್ ಗುಂಪುಗಳಿಗೆ ಕಳಿಸಿದೆ. ಐದೇ ನಿಮಿಷದಲ್ಲಿ ಮೊದಲ ಫೋನು. ಕೆಳಗಿನ ಕಿರಾಣಿ ಅಂಗಡಿಯ ಹಮೀದಾಕ, ಅಂದರೆ ಹಮೀದಣ್ಣ, ಬಂಟ್ವಾಳದ ಬ್ಯಾರಿ. ಅಂಗಡಿಯ ಫ್ರೀಜರಿನ ಸದ್ದಿನಲ್ಲಿ ಅವರ ಮಾತು ಸರಿಯಾಗಿ ಕೇಳುತ್ತಿರಲಿಲ್ಲ.

"ಅಕ್ಕ, ಹಾರ್ಟಾ?"

"ಹೌದು, ಹೊರಟಾಯ್ತು," ಎಂದೆ.

"ಅಲ್ಲಾಹ್. ಮೊನ್ನೆ ಕೂಡ ನೋಡಿದ್ದೆ. ತುಂಬಾ ಕಷ್ಟ ಆಯ್ತಾ?"

"ಇಲ್ಲಪ್ಪ, ಎಲ್ಲ ಪೇಪರು ಕಂಪೆನಿಯವರೇ ಮಾಡಿ ಕೊಟ್ಟಿದ್ದಾರೆ. ಶನಿವಾರದ ವಿಮಾನ. ನಲವತ್ತು ಕೇಜಿ."

ಫ್ರೀಜರಿನ ಸದ್ದಿನ ನಡುವೆ ಅವರು ಸ್ಟೂಲು ಎಳೆದು ಕೂತದ್ದು ಕೇಳಿಸಿತು.

"ಅಷ್ಟು ಇಳಿದಿದ್ರಾ?" ಎಂದು ಹಮೀದಾಕ ಕೇಳಿ ಫೋನಿಟ್ಟರು.

ಗ್ರಾಹಕರು ಯಾರೋ ಬಂದಿರಬೇಕು ಎಂದುಕೊಂಡೆ. ಅಷ್ಟರಲ್ಲಿ ಸಂದೇಶಕ್ಕೆ ಕೈ ಮುಗಿದ ಚಿತ್ರಗಳು ಸಾಲುಸಾಲಾಗಿ ಬರತೊಡಗಿದವು. ನೂರಕ್ಕೂ ಹೆಚ್ಚು. ನಮ್ಮ ಜನ ಎಷ್ಟು ವಿನಯವಂತರು ಎಂದು ನನ್ನ ಕಣ್ಣು ಒದ್ದೆಯಾಯಿತು. ಮಂಗಫಿನಿಂದ ರಿಫೈನರಿಯ ಹುಡುಗರು ಒಂದು ವ್ಯಾನು ಮಾಡಿಕೊಂಡು ಬರುತ್ತೇವೆ ಎಂದು ಬರೆದಿದ್ದರು. ಮನವೊಲಿಕೆ ಎಂದರೆ ಇದು!

ನಾಲ್ಕು ಗಂಟೆಗೆ ಭಾಸ್ಕರಣ್ಣನ ಫೋನು.

"ಸುಮತಿ, ನಾನು ಯಾವಾಗ ಸತ್ತದ್ದು?"

ದಿನಾ ಆ ಹೊತ್ತಿಗೆ ಅವರು ಊರಿನಲ್ಲಿರುವ ಹೆಂಡತಿಯ ಜೊತೆ ಮಾತಾಡುತ್ತಾರೆ. ಮಾತಿನ ನಡುವೆಯೇ ಆಕೆಗೆ ನನ್ನ ಸಂದೇಶ ಯಾರಿಂದಲೋ ತಲುಪಿತ್ತು. ಫೋಟೋ ಚೆಂದ ಬಂದಿದೆ, ಆದರೆ ನೀವು ತೀರಿಕೊಂಡಿದ್ದೀರಂತೆ ಎಂದು ಆಕೆ ಗಂಡನಿಗೇ ಸುದ್ದಿ ಹೇಳಿದರಂತೆ. ನಾನು ಸಂದೇಶವನ್ನು ಮತ್ತೆ ತೆರೆದು ನೋಡಿದೆ. ಕಪ್ಪು ಬಿಳುಪು, ಮಲ್ಲಿಗೆ, ದೀಪ, ಕೊಳಲು, ಮೂಗು. ಮಿಸ್ ಹೇಳಿದಂತೆ ಎಲ್ಲ ಸೇರಿ ಒಟ್ಟಾಗಿ ಒಂದೇ ಅರ್ಥ ಹೇಳುತ್ತಿದ್ದವು.

ಭಾಸ್ಕರಣ್ಣ ಬೈಯಲಿಲ್ಲ. ಎಷ್ಟು ಜನ ಬರ್ತಾರಂತೆ ಎಂದು ಕೇಳಿದರು. ನೂರು ದಾಟಿದೆ ಎಂದೆ. ನೂರಾ ಎಂದು ಒಮ್ಮೆ ತಮ್ಮಷ್ಟಕ್ಕೇ ಹೇಳಿಕೊಂಡರು.

"ಈಗ ತಿದ್ದಿದ್ರೆ ಎಷ್ಟು ಜನ ಉಳಿಯಬಹುದು?"

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಸತ್ತರೆ ಓಡಿ ಬರುವ ಜನ, ಬದುಕಿದ್ದಾರೆ ಎಂದರೆ ಮಗ್ಗುಲು ಬದಲಿಸಿ ಮಲಗುತ್ತಾರೆ. ಅದು ನಮ್ಮಿಬ್ಬರಿಗೂ ಗೊತ್ತಿತ್ತು.

ತಿದ್ದದೆ ವಿಧಿಯಿರಲಿಲ್ಲ. ಅವಸರದಲ್ಲಿ ಬರೆದೆ: 'ಭಾಸ್ಕರಣ್ಣ ಬದುಕಿದ್ದಾರೆ. ದಯವಿಟ್ಟು ಕ್ಷಮಿಸಿ. ನಾಳೆ ಬನ್ನಿ.' ಕಳಿಸಿದ ಮೇಲೆ ದೀಕ್ಷಾ ಓದಿದಳು.

"ಅಮ್ಮಾ, ಯು ಆರ್ ಸೇಯಿಂಗ್ ಸಾರಿ ದಟ್ ಹಿ ಈಸ್ ಅಲೈವ್," ಎಂದಳು.

ದೇವರು ದೊಡ್ಡವನು, ತುಂಬಾ ಖುಷಿ, ಹಾಗಾದರೆ ಬರುವ ಅಗತ್ಯ ಇಲ್ಲವಲ್ಲ ಎಂದು ಉತ್ತರಗಳು ಬಂದವು. ಕೈ ಮುಗಿದವರೆಲ್ಲ ಹೆಬ್ಬೆರಳು ತೋರಿಸಿದರು. ಬರುತ್ತೇವೆ ಎಂದು ಒಬ್ಬರೂ ಬರೆಯಲಿಲ್ಲ.

ಶುಕ್ರವಾರ ಹನ್ನೊಂದಕ್ಕೆ ಐದು ನಿಮಿಷ ಇರುವಾಗ ಹಾಲಿನಲ್ಲಿ ನಾವು ಮೂವರು, ಹಮೀದಾಕ, ಮತ್ತು ಐವತ್ತಾರು ಖಾಲಿ ಕುರ್ಚಿ. ತನ್ನ ಬೀಳ್ಕೊಡುಗೆಯ ಪಾಯಸವನ್ನೂ ತಾನೇ ಮಾಡಿದ ಭಾಸ್ಕರಣ್ಣ ಕೆಂಪು ಚೌಕುಳಿಯ ಹೊಸ ಅಂಗಿ ಹಾಕಿಕೊಂಡು, ಸೌಟು ಹಿಡಿದು ಬಾಗಿಲಲ್ಲಿ ನಿಂತಿದ್ದರು. ಕುರ್ಚಿಗಳ ಕಡೆ ಬೆನ್ನು ಹಾಕಿ ನಿಂತಿದ್ದರು. ಆ ಬೆನ್ನು ನೋಡಿ ನನಗೆ ಎಲ್ಲಿಯಾದರೂ ಹೋಗಿ ಅವಿತುಕೊಳ್ಳೋಣ ಅನಿಸಿತು.

ಆಗ ಮೆಟ್ಟಿಲಲ್ಲಿ ಹೆಜ್ಜೆ ಸದ್ದು ಕೇಳಿತು. ಒಂದಲ್ಲ, ಹತ್ತಾರು.

ಮಂಗಫಿನಿಂದ ಒಂದರ ಬದಲು ಮೂರು ವ್ಯಾನು ಬಂದಿದ್ದವು. ರಿಫೈನರಿಯ ಒಳಗೆ ಫೋನು ಒಯ್ಯುವಂತಿಲ್ಲ. ಶಿಫ್ಟಿಗೆ ಹೋಗುವ ಮೊದಲು ಅವರು ಸಾವಿನ ಸಂದೇಶ ನೋಡಿದ್ದರು. ಹೊರಬಂದ ಮೇಲೆ ದುಃಖದಲ್ಲಿ ಫೋನನ್ನೇ ನೋಡಿರಲಿಲ್ಲ. ಅವರ ಹಿಂದೆ ಜಾಬ್ರಿಯಾದ ಆಸ್ಪತ್ರೆಯಿಂದ ನಮ್ಮೂರಿನ ನರ್ಸುಗಳು, ಡ್ಯೂಟಿಯಿಂದ ನೇರವಾಗಿ, ತಿದ್ದಿದ ಸಂದೇಶ ನೋಡದೆ, ಯೂನಿಫಾರ್ಮಿನಲ್ಲೇ. ಎಲ್ಲರೂ ಬಿಳಿ ಬಟ್ಟೆ, ತಗ್ಗಿಸಿದ ತಲೆ.

ಮೊದಲು ತಲೆ ಎತ್ತಿದವನು ಉಮೇಶ, ಪೈಪ್ ಫಿಟ್ಟರ್.

"ಬನ್ನಿ ಬನ್ನಿ, ಊಟ ತಯಾರುಂಟು," ಎಂದರು ಭಾಸ್ಕರಣ್ಣ.

ಉಮೇಶ ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟ. ಆಮೇಲೆ ಎದ್ದು ಭಾಸ್ಕರಣ್ಣನನ್ನು ತಬ್ಬಿಕೊಂಡು ಬೈದ, ಬೈಯುತ್ತಾ ಅತ್ತ. ಹೊಸದಾಗಿ ಬಂದಾಗ ಚಿಕನ್‌ಪಾಕ್ಸ್ ಆಗಿ ರೂಮಿನವರೇ ದೂರವಿಟ್ಟಿದ್ದಾಗ, ದಿನಾ ಗಂಜಿ ತಂದು ಬಾಗಿಲಲ್ಲಿಡದೆ ಒಳಗೆ ಬಂದು ಕೂತು ಉಣಿಸಿದವರು ನೀವೊಬ್ಬರೇ ಎಂದ. ವ್ಯಾನುಗಳಲ್ಲಿ ಎಲ್ಲರೂ ಇಂಥದೇ ಮಾತುಗಳನ್ನು ಕಟ್ಟಿಕೊಂಡು ಬಂದಿದ್ದರು. ಬೇರೆ ಯಾರಿಗೂ ಹೇಳುವಂತಿಲ್ಲದೆ ಭಾಸ್ಕರಣ್ಣನಿಗೇ ಹೇಳಬೇಕಾಯಿತು. ಕುರ್ಚಿ ಸಾಲದೆ ನಾನು ಹೊಸ್ತಿಲ ಬಳಿ ಕೂತು ಉಂಡೆ. ಅಂಥ ಪಾಯಸ ಆಮೇಲೆ ನಾನು ತಿಂದಿಲ್ಲ.

ಜನ ಕರಗಿದ ಮೇಲೆ ಕ್ಷಮೆ ಕೇಳಲು ಹೋದೆ. ಭಾಸ್ಕರಣ್ಣ ಪಾತ್ರೆ ಒರೆಸುತ್ತಿದ್ದರು.

"ಎಂತ ಕ್ಷಮೆ ಮಾರಾಯ್ತಿ? ನಾಳೆ ಊರಲ್ಲಿ ನಾನು ನಿಜವಾಗಿ ಸತ್ತರೆ, ಇವರಲ್ಲಿ ಒಬ್ಬನಿಗೂ ರಜೆ ಸಿಕ್ಕುದಿಲ್ಲ. ಇವತ್ತೇ ಬಂದು ಹೋದ್ರಲ್ಲ, ಒಳ್ಳೇದಾಯ್ತು."

ನಾನು ಅಲ್ಲಿ ನಿಲ್ಲಲಾಗದೆ ಕೆಳಗಿಳಿದು ಬಂದೆ. ಮರುದಿನ ಅವರು ಹೋದರು. ಹೋಟೆಲು ಈಗಲೂ ಇದೆ, ನಾವು ಹೋಗುವುದು ಕಡಿಮೆಯಾಗಿದೆ.

ಬಂದವರನ್ನೆಲ್ಲ ಭಾಸ್ಕರಣ್ಣನ ಸುತ್ತ ನಿಲ್ಲಿಸಿ ತೆಗೆದ ಫೋಟೋವನ್ನು ಭಾನುವಾರ ಕ್ಲಾಸಿನಲ್ಲಿ ತೋರಿಸಿದೆ. ಮಿಸ್ ರಾನಿಯಾ ಅದನ್ನು ದೊಡ್ಡ ಪರದೆಗೆ ಹಾಕಿ ತಲೆಗಳನ್ನು ಎಣಿಸಿದರು. ಎಪ್ಪತ್ತೊಂದು.

"ಸುಮತಿ, ಇಷ್ಟು ಜನರನ್ನು ಕರೆತಂದದ್ದು ಮಾತ್ರವಲ್ಲ, ಡ್ರೆಸ್ ಕೋಡ್ ಕೂಡ ಒಪ್ಪಿಸಿದ್ದೀರಿ!" ಎಂದು ಇಡೀ ಕ್ಲಾಸಿಗೆ ನನ್ನನ್ನು ಎದ್ದು ನಿಲ್ಲಲು ಹೇಳಿದರು. ಆಮೇಲೆ ನಡುವೆ ಕೆಂಪು ಅಂಗಿಯಲ್ಲಿ ನಗುತ್ತಿದ್ದ ಒಬ್ಬರ ಮೇಲೆ ಬೆರಳಿಟ್ಟು, ಇವರು ಯಾಕೆ ಬಿಳಿ ಹಾಕಿಲ್ಲ ಎಂದು ಕೇಳಿದರು.

"ಅವರೊಬ್ಬರನ್ನು ಮಾತ್ರ ನಂಬಿಸಲಿಕ್ಕೆ ಆಗಲಿಲ್ಲ, ಮಿಸ್," ಎಂದೆ.

ಅದಕ್ಕೆ ಅರ್ಧ ಅಂಕ ಕಳೆದರು.