ತೆಳ್ಳನೆಯ ಪಿಕಪ್ಪು

ಆ ಭಾನುವಾರ ಬೆಳಿಗ್ಗೆ ಚಲುವರಾಜುವಿನ ತಲೆ ಕೆಡಿಸಿದ್ದು ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ಉದ್ದವಿದ್ದ ಎರಡು ಕಪ್ಪು ವಸ್ತುಗಳು.

ಪಾಂಡವಪುರದ ಕಚೇರಿಯೊಂದರಲ್ಲಿ ಟೈಪಿಸ್ಟಾಗಿದ್ದ ಚಲುವರಾಜುವಿಗೆ ಕೆ.ಆರ್. ಪೇಟೆಯ ಮಹದೇವಸ್ವಾಮಿಯ ಆರ್ಕೆಸ್ಟ್ರಾದಲ್ಲಿ ಗಿಟಾರ್ ನುಡಿಸಬೇಕೆಂಬ ಆಸೆ. “ನಿಮ್ಮ ಡಬ್ಬ ಗಿಟಾರು ಡ್ರಮ್ಮಿನ ಮುಂದೆ ಕೇಳ್ಸಾಕಿಲ್ಲ. ಎಲೆಕ್ಟ್ರಿಕ್ ಗಿಟಾರ್ ತನ್ನಿ, ಆಮೇಲೆ ನೋಡವ” ಎಂದಿದ್ದ ಮಹದೇವಸ್ವಾಮಿ. ಹೊಸದನ್ನು ಕೊಳ್ಳುವುದು ಟೈಪಿಸ್ಟನ ಕೈಲಾಗುವ ಮಾತಲ್ಲ. ಹಾಗಾಗಿ ಚಲುವರಾಜು ತಾನೇ ಒಂದನ್ನು ಕಟ್ಟಲು ಹೊರಟ. ಹಿಡಿ ಮೈಸೂರಿನಲ್ಲಿ ಸಿಕ್ಕ ಮುರುಕು ಗಿಟಾರಿನದು. ಮೈ ಹಲಸಿನ ಹಲಗೆಯದು, ಬೀದಿಯ ಬಡಗಿ ಕೆಂಪಣ್ಣ ಕೊಯ್ದದ್ದು. ಉಳಿದದ್ದು ಪಿಕಪ್ಪು. ತಂತಿಗಳ ಕೆಳಗೆ ಕೂತು ಅವುಗಳ ನಡುಕವನ್ನು ಸ್ಪೀಕರಿಗೆ ಮುಟ್ಟಿಸುವ ಅಯಸ್ಕಾಂತ ಅದು. ಬೆಂಗಳೂರಿನ ಪರಿಚಯದ ಅಂಗಡಿಯವನು ಎರಡು ಬಗೆಯದನ್ನು ಕೊಟ್ಟು, “ಒಂದು ಇಟ್ಕೊಂಡು ಒಂದು ವಾಪಸ್ ಮಾಡಿ” ಎಂದಿದ್ದ.

ಚಲುವರಾಜು ಹಳೇ ಮೈಕ್‌ಸೆಟ್ಟಿನ ಆಂಪ್ಲಿಫೈಯರಿಗೆ ಜೋಡಿಸಿ ಎರಡನ್ನೂ ಪರೀಕ್ಷಿಸಿದ. ತೆಳ್ಳನೆಯದರ ನಾದ ಹಿತ್ತಾಳೆ ಗಂಟೆಯಂತಿತ್ತು, ಆದರೆ ಹಿಂದೆಯೇ ಗುಂಯ್ ಎಂಬ ಜೇನುಗೂಡಿನ ಸದ್ದು. ದಪ್ಪನೆಯದು ಗುಂಯ್ ಎನ್ನಲಿಲ್ಲ. ಆದರೆ ಅದರ ನಾದ ಬಾಯಲ್ಲಿ ರಾಗಿಮುದ್ದೆ ಇಟ್ಟುಕೊಂಡು ಮಾತಾಡಿದ ಹಾಗಿತ್ತು.

“ದಪ್ಪದ್ದೇ ಹಾಕ್ಕಳಿ. ಈ ಮನೇಲಿ ಅದೊಂದಾದ್ರೂ ಸುಮ್ಕಿರ್ಲಿ” ಎಂದಳು ಹೆಂಡತಿ ಪಾರ್ವತಮ್ಮ, ಒಳಗಿನಿಂದಲೇ.

“ನಿನ್ನ ಕೇಳಿದ್ನಾ?” ಎಂದು ಚಲುವರಾಜು ಸಿಡುಕಿದ.

ಸದ್ದು ಕೇಳಿ ಎದುರುಮನೆಯ ನಿವೃತ್ತ ಮೇಷ್ಟ್ರು ಜಯರಾಮಯ್ಯ ಪೇಪರು ಮಡಿಸಿಕೊಂಡು ಬಂದರು. “ಏನಪ್ಪಾ ತೊಂದರೆ?”

“ಪಿಕಪ್ಪು ಸಾರ್.”

“ನನ್ನ ಸ್ಕೂಟರಿಗೂ ಅದೇ ಆಗಿತ್ತು. ಕಾರ್ಬೊರೇಟರ್ ಬಿಚ್ಚಿ ಪೆಟ್ರೋಲಲ್ಲಿ ತೊಳಿ.”

“ಇದು ಗಿಟಾರಿನ ಪಿಕಪ್ಪು ಸಾರ್!”

“ಯಾವುದಾದರೇನಯ್ಯ, ಕಸ ಕೂತರೆ ಎಲ್ಲಾ ಒಂದೇ” ಎಂದ ಜಯರಾಮಯ್ಯನವರು ಕುರ್ಚಿ ಎಳೆದು ಕೂತೇಬಿಟ್ಟರು.

ಅಷ್ಟರಲ್ಲಿ ಪಕ್ಕದ ಮನೆಯ ಚಿಕ್ಕಬೋರಮ್ಮ ಹಾಲು ಕರೆಯುವ ಖಾಲಿ ಚೊಂಬು ಹಿಡಿದು ನುಗ್ಗಿದಳು. “ಚಲುವಾ, ಏನ್ಲಾ ಅದು ಗುಂಯ್‌ಗಾಟ? ನಮ್ಮೆಮ್ಮೆ ಬೆದರ್ಕಂಡು ಸೊರೆ ಬುಡ್ತಾ ಇಲ್ಲ!”

ಚಲುವರಾಜು ಹಲ್ಲು ಕಚ್ಚಿ ದಪ್ಪ ಪಿಕಪ್ಪು ಜೋಡಿಸಿ ತಂತಿ ಮೀಟಿದ. ಚಿಕ್ಕಬೋರಮ್ಮ ಹಿತ್ತಲಿಗೆ ಹೋದವಳು ಸ್ವಲ್ಪ ಹೊತ್ತಿಗೆ ನೊರೆ ತುಂಬಿದ ಚೊಂಬಿನೊಂದಿಗೆ ವಾಪಸಾದಳು. “ಬುಡ್ತು ಕಣಪ್ಪಾ! ನಮ್ಮೆಮ್ಮೆಗೆ ಇದೇ ಒಪ್ಗೆ. ಇದನ್ನೇ ಆಕು!”

“ಸರಿಯಾದ ತೀರ್ಮಾನ” ಎಂದರು ಜಯರಾಮಯ್ಯ.

ಚಲುವರಾಜುವಿನ ಕಿವಿ ಕೆಂಪಾಯಿತು. ತಿಂಗಳುಗಟ್ಟಲೆ ಕನಸು ಕಂಡವನು ತಾನು, ಬೆಸುಗೆ ಹಾಕಿ ಬೆರಳು ಸುಟ್ಟುಕೊಂಡವನು ತಾನು, ಈಗ ತನ್ನ ಗಿಟಾರಿಗೆ ಎಮ್ಮೆ ಓಟು ಹಾಕುವುದೇ? “ಯಾರು ಏನಾದ್ರೂ ಅನ್ಲಿ, ನಾನು ತೆಳ್ಳಂದೇ ಹಾಕದು!” ಎಂದು ಕೂಗಿದ. ತೆಳ್ಳನೆಯದು ಒಳ್ಳೆಯದೆಂಬ ನಂಬಿಕೆಗಿಂತ ಎಮ್ಮೆಯ ಮೇಲಿನ ಸಿಟ್ಟೇ ಆ ಮಾತಿನಲ್ಲಿ ಹೆಚ್ಚಾಗಿತ್ತು.

ಗುಂಯ್‌ಗಾಟಕ್ಕೆ ಮದ್ದು ಅವನಿಗೆ ಗೊತ್ತಿತ್ತು. ಹಲಗೆಯೊಳಗೆ ತಾನೇ ಕೊರೆದಿದ್ದ ಸಣ್ಣ ತೂತಿನಲ್ಲಿ ಒಂದು ವೈರು ತೂರಿಸಿ ಗಿಟಾರಿನ ತಂತಿಗಳಿಗೆ ಅರ್ತಿಂಗ್ ಕೊಟ್ಟರೆ, ನುಡಿಸುವವನ ಕೈ ಸೋಕಿದೊಡನೆ ಸದ್ದು ಅಡಗುತ್ತದೆ. ಗಿಟಾರ್ ತಿರುಗಿಸಿ ನೋಡಿದ. ತೂತೇ ಇರಲಿಲ್ಲ. ಕೆಂಪಣ್ಣನ ಅಂಗಡಿಗೆ ಓಡಿದ.

“ಕೆಂಪಣ್ಣಾ, ಇಲ್ಲೊಂದು ತೂತಿತ್ತಲ್ಲ?”

“ಗೆದ್ಲು ಒಡ್ದದೆ ಅನ್ಕಂಡು ಬೆಣೆ ಬಡ್ದು ಮುಚ್ಬುಟ್ಟೆ ಕಣಣ್ಣ. ಇನ್ನು ನೂರು ವರ್ಷ ಅಲ್ಲಾಡಾಕಿಲ್ಲ.”

“ಅದು ನಾನೇ ಕೊರೆದಿದ್ದು ಕಣೋ!”

“ಮೊದ್ಲೇ ಯೋಳ್ಬಾರ್ದಾ? ಈಗ ಕೊರುದ್ರೆ ಅಲಗೆ ಸೀಳ್ತದೆ.”

ಬಸ್ಸಿಗೆ ಹೊತ್ತಾಗಿತ್ತು. ಸಂಜೆ ಕೆ.ಆರ್. ಪೇಟೆಯ ಮದುವೆ ಮನೆಯ ಆರತಕ್ಷತೆಯಲ್ಲಿ ಮಹದೇವಸ್ವಾಮಿಯ ಕಾರ್ಯಕ್ರಮ. ಅದಕ್ಕೆ ಮೊದಲೇ ಬಂದು ನುಡಿಸಿ ತೋರಿಸಬೇಕೆಂದು ಅವನು ಹೇಳಿದ್ದ. ಚಲುವರಾಜು ಹಠಕ್ಕೆ ತೆಳ್ಳನೆಯ ಪಿಕಪ್ಪನ್ನೇ ಕೂರಿಸಿ, ಬೀಸುಕಲ್ಲಿನ ತೂಕದ ಗಿಟಾರನ್ನು ಬೆಡ್‌ಶೀಟಿನಲ್ಲಿ ಸುತ್ತಿ ಬಸ್ಸು ಹತ್ತಿದ. ಕಂಡಕ್ಟರ್ ಅದನ್ನು ತೊಟ್ಟಿಲೆಂದು ತಿಳಿದು “ಗಂಡಾ, ಹೆಣ್ಣಾ?” ಎಂದು ಕೇಳಿದ.

ಛತ್ರದ ವೇದಿಕೆಯಲ್ಲಿ ಮಹದೇವಸ್ವಾಮಿ ಕಾಯುತ್ತಿದ್ದ. ಜೊತೆಗೆ ಅವನ ಹೆಂಡತಿಯ ತಮ್ಮ ಶಂಕರ್, ಕೂದಲು ಬಿಟ್ಟ ಹುಡುಗ. ಚಲುವರಾಜು ಗಿಟಾರಿನ ವೈರನ್ನು ದೊಡ್ಡ ಆಂಪ್ಲಿಫೈಯರಿಗೆ ಚುಚ್ಚಿದ. ಗುಂಯ್ ಎಂಬ ಸದ್ದು ಎದ್ದು ಛತ್ರದ ತಗಡೆಲ್ಲ ನಡುಗಿತು.

“ಯಾರ್ಲಾ ಜನರೇಟರ್ ಆನ್ ಮಾಡ್ದೋರು?” ಎಂದು ಅಡುಗೆಮನೆಯಿಂದ ಯಾರೋ ಕೂಗಿದರು.

ಗಾಬರಿಯಾದ ಚಲುವರಾಜು ವೈರನ್ನು ಕೀಳಲೆಂದು ಅದರ ತುದಿಯ ಲೋಹದ ಪಿನ್ನು ಹಿಡಿದ. ಥಟ್ಟನೆ ಸದ್ದು ನಿಂತಿತು. ಕೈ ಬಿಟ್ಟ, ಗುಂಯ್. ಹಿಡಿದ, ನಿಶ್ಶಬ್ದ.

“ಅಂಗೇ ಇಡ್ಕಂಡಿರಿ! ಶಂಕ್ರ, ನೀನು ಒಸಿ ಬಾರ್ಸಿ ನೋಡ್ಲಾ” ಎಂದ ಮಹದೇವಸ್ವಾಮಿ.

ಶಂಕರ್ ಗಿಟಾರ್ ಎತ್ತಿಕೊಂಡು ಮೀಟಿದ. ಗಂಟೆಯಂಥ ನಾದ ಛತ್ರವನ್ನು ತುಂಬಿತು. ಚಪ್ಪರ ಕಟ್ಟುತ್ತಿದ್ದವರು ಕೈ ನಿಲ್ಲಿಸಿ ಇತ್ತ ತಿರುಗಿದರು. ಮಹದೇವಸ್ವಾಮಿ ಬಂದು ಚಲುವರಾಜುವಿನ ಭುಜ ತಟ್ಟಿದ. “ಇಂಥಾ ಸೌಂಡು ನಾನು ಕೇಳೇ ಇಲ್ಲ ಕಣ್ರೀ. ನೀವು ಇವತ್ತಿಂದ ನಮ್ಮ ಪಾರ್ಟಿ!”

ಚಲುವರಾಜುವಿನ ಕಣ್ಣು ತುಂಬಿ ಬಂತು. “ನಾನು ಯಾವ ಹಾಡಿಂದ ಶುರು ಮಾಡ್ಲಿ?”

“ಎಲ್ಲಾ ಹಾಡ್ಗೂ ಬೇಕು ನೀವು. ಶಂಕ್ರ ಬಾರುಸ್ತಾನೆ, ನೀವು ಪಿನ್ನು ಇಡ್ಕಳಿ.”

ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಆಮೇಲೆ ಚಲುವರಾಜು ಕಿರುಚಿದ, “ಇದು ನಾನು ಕಟ್ಟಿದ ಗಿಟಾರು ರೀ! ನಾನು ನುಡಿಸ್ತೀನಿ, ಅವನು ಹಿಡ್ಕಳ್ಲಿ!”

“ನಂಗೆ ಕರೆಂಟು ಅಂದ್ರೆ ಭಯ ಭಾವ” ಎಂದು ಶಂಕರ್ ಎರಡು ಹೆಜ್ಜೆ ಹಿಂದೆ ಸರಿದ.

“ಕೇಳಿದ್ರಾ? ಪಾಪ, ಭಯವಂತೆ” ಎಂದ ಮಹದೇವಸ್ವಾಮಿ. ಅಷ್ಟರಲ್ಲಿ ಗಂಡು ಹೆಣ್ಣು ಬಂದರು, ವಾಲಗ ನಿಂತಿತು, ಜನ ಕುರ್ಚಿ ಹಿಡಿದರು. ಗಿಟಾರನ್ನು ಶಂಕರನ ಕುತ್ತಿಗೆಯಿಂದ ಕಿತ್ತುಕೊಳ್ಳಲು ನೋಡಿದ ಚಲುವರಾಜುವನ್ನು ಆರ್ಕೆಸ್ಟ್ರಾದ ಇಬ್ಬರು ಸ್ಪೀಕರಿನ ಪಕ್ಕ ನೆಲದ ಮೇಲೆ ಕೂರಿಸಿದರು. ಅವನು ಬುಸುಗುಟ್ಟುತ್ತಲೇ ಪಿನ್ನು ಹಿಡಿದ. ಬಿಟ್ಟುಬಿಡೋಣವೆಂದು ಹಾಡಿಗೊಮ್ಮೆ ಅನ್ನಿಸಿತು. ಆದರೆ ಬಿಟ್ಟರೆ ಕೆಡುವುದು ತನ್ನದೇ ಗಿಟಾರಿನ ಹೆಸರು.

ಶಂಕರ್ ನುಡಿಸಿದ್ದಕ್ಕೆಲ್ಲ ಶಿಳ್ಳೆ ಬಿತ್ತು. ಕೊನೆಯಲ್ಲಿ ಮಹದೇವಸ್ವಾಮಿ ಮೈಕ್ ಹಿಡಿದು ಕಲಾವಿದರನ್ನು ಪರಿಚಯಿಸಿದ. “ತಬಲ... ಕೀಬೋರ್ಡು... ಗಿಟಾರ್, ನಮ್ಮ ಶಂಕರ್!” ಚಪ್ಪಾಳೆಯೋ ಚಪ್ಪಾಳೆ. ಮಹದೇವಸ್ವಾಮಿ ಕೆಳಗೆ ನೋಡಿ ದೊಡ್ಡ ಮನಸ್ಸು ಮಾಡಿದ. “ಅರ್ತಿಂಗ್, ಪಾಂಡವಪುರದ ಚಲುವರಾಜು ಅವರು!”

ಸಭೆಯಲ್ಲಿ ಮೊದಲ ಬಾರಿಗೆ ತನ್ನ ಹೆಸರು ಕೇಳಿದ ಚಲುವರಾಜು ಸಿಟ್ಟು ಮರೆತು ಎದ್ದು ನಿಂತು, ಎರಡೂ ಕೈ ಎತ್ತಿ ಜನಕ್ಕೆ ನಮಸ್ಕಾರ ಮಾಡಿದ.

ಗುಂಯ್ ಎಂದು ಛತ್ರವೇ ನಡುಗಿತು. ಮದುಮಗಳು ಕಿವಿ ಮುಚ್ಚಿಕೊಂಡಳು.

“ಕೂತ್ಕಳ್ಲಾ ಕೆಳೀಕೆ!” ಎಂದು ಸಭೆಗೆ ಸಭೆಯೇ ಒಕ್ಕೊರಲಿನಿಂದ ಕೂಗಿತು.