ರೈಟ್ ಅಂದರೆ ಬಲಗಡೆ

ಭಾಷೆಯನ್ನು ಅರ್ಧ ಕಲಿತವರಿಂದ ಅಪಾಯ ಎಂದು ತಿಳಿದವರು ಹೇಳುತ್ತಾರೆ. ನನ್ನ ಅನುಭವ ಬೇರೆ. ಗಂಡ ಹೆಂಡತಿ ಇಬ್ಬರೂ ಅರ್ಧ ಕಲಿತವರಾಗಿದ್ದರೆ ಯಾವ ಅಪಾಯವೂ ಇಲ್ಲ. ಒಬ್ಬರು ಆ ಅರ್ಧವನ್ನು ದಾಟಿ ಮುಂದೆ ಹೋದಾಗಲೇ ಕಷ್ಟ ಶುರುವಾಗುವುದು. ಇದನ್ನು ನಾನು ಕಂಡುಕೊಂಡದ್ದು ರಾಜಘಟ್ಟದ ಬಳಿಯ ನಮ್ಮ ಹೊಲದಲ್ಲಿ, ಕೃಷಿ ಹೊಂಡದ ದಂಡೆಯ ಮೇಲೆ ನಿಂತು. ಅದಾಗಿ ಕೆಲವು ವಾರಗಳಾದವು. ಯಾರಿಗೂ ಏನೂ ಆಗಲಿಲ್ಲ. ಆದರೆ ಏನೂ ಆಗಲಿಲ್ಲ ಎಂಬ ಸುದ್ದಿ ನನ್ನ ಬಲಗಾಲಿಗೆ ಇನ್ನೂ ತಲುಪಿಲ್ಲ.

ನನ್ನ ಹೆಂಡತಿ ನಾಗರತ್ನ ಪಿಯುಸಿವರೆಗೆ ಓದಿದವಳು. ಇಂಗ್ಲಿಷ್ ಮೇಷ್ಟ್ರ ಬೆತ್ತದ ನೆನಪು ಅವಳಿಗೆ ಪಾಠಕ್ಕಿಂತ ಚೆನ್ನಾಗಿದೆ. ಅಂಥವಳು ಹೋದ ವರ್ಷ ಯಾರೂ ಹೇಳದೆ, ಯಾರನ್ನೂ ಕೇಳದೆ, ಫೋನಿನಲ್ಲಿ ಇಂಗ್ಲಿಷ್ ಕಲಿಸುವ ಆ್ಯಪ್ ಒಂದನ್ನು ಹಾಕಿಕೊಂಡಳು. ಅದರಲ್ಲಿ ಪಾಠ ಹೇಳುವುದು ಒಂದು ಹಸಿರು ಗಿಳಿ. ಗಿಳಿಪಾಠ ಎಂಬ ಮಾತನ್ನು ಕನ್ನಡದಲ್ಲಿ ಬೈಗುಳವಾಗಿ ಬಳಸುತ್ತಾರೆಂದು ಅದನ್ನು ಮಾಡಿದವರಿಗೆ ಗೊತ್ತಿದ್ದಂತಿಲ್ಲ. ಮೊದಮೊದಲು ಅವಳು ಗಿಳಿಯ ಮಾತನ್ನೇ ಕೇಳುತ್ತಿರಲಿಲ್ಲ. ಹುಡುಗ ಸೇಬು ತಿಂದ ಪಾಠವನ್ನು ಬಿಟ್ಟು, ಹಣ್ಣಿನ ಪಾಠವನ್ನು ಬಿಟ್ಟು, ನೇರವಾಗಿ ಅಂಗಡಿಯವನ ಜೊತೆ ಜಗಳ ಮಾಡುವ ಪಾಠಕ್ಕೆ ಹೋದಳು. ನಾನು ದೊಡ್ಡಬಳ್ಳಾಪುರದ ಒಂದು ಕಾಲೇಜಿನ ಗ್ರಂಥಾಲಯದಲ್ಲಿ ಕೆಲಸ ಮಾಡುವವನು. ವಿದ್ಯಾರ್ಥಿಯ ಸ್ವಯಂಕಲಿಕೆಯ ಬಗ್ಗೆ ನಮ್ಮಲ್ಲಿ ನಡೆಯುವ ವಿಚಾರಸಂಕಿರಣಗಳಿಗೆ ಕುರ್ಚಿ ಹಾಕಿಸಿದ್ದೇನೆ, ಊಟವನ್ನೂ ಮಾಡಿದ್ದೇನೆ. ಆ ಸ್ವಯಂಕಲಿಕೆಯನ್ನು ಕಣ್ಣಾರೆ ಕಂಡದ್ದು ಮಾತ್ರ ನಮ್ಮ ಅಡುಗೆಮನೆಯಲ್ಲಿ.

ಆದರೆ ಗಿಳಿ ಸಾಮಾನ್ಯದ್ದಲ್ಲ. ದಿನವೂ ತಪ್ಪದೆ ಪಾಠ ಮಾಡಿದರೆ ಅದರ ಬಾಲಕ್ಕೆ ಒಂದೊಂದು ಗರಿ ಮೂಡುತ್ತದೆ. ಒಂದು ದಿನ ತಪ್ಪಿದರೂ ಗರಿಗಳೆಲ್ಲ ಉದುರಿ, ಗಿಳಿ ಸೂತಕದವರ ಹಾಗೆ ಮೂಲೆ ಹಿಡಿದು ಕೂರುತ್ತದೆ. ಸಂಜೆ ಐದಕ್ಕೆ ಪಾಠ ಎಂದು ನಾಗರತ್ನಳೇ ಗೊತ್ತುಮಾಡಿದ್ದಳು. ಐದಾಯಿತೆಂದರೆ ಟಿಣ್ ಟಿಣ್ ಎಂದು ಗಂಟೆ. ಅವಳು ಇದ್ದ ಕೆಲಸವನ್ನು ಇದ್ದಲ್ಲೇ ಬಿಟ್ಟು ಫೋನ್ ಹಿಡಿಯುವಳು. ಉಕ್ಕುವ ಹಾಲನ್ನು ಇಳಿಸುವುದು ನನ್ನ ಪಾಲಿನ ಪಾಠವಾಯಿತು. ಅನುಗೊಂಡನಹಳ್ಳಿಯಲ್ಲಿ ನೆಂಟರ ಆರತಕ್ಷತೆಗೆ ಹೋಗಿದ್ದಾಗ ಗಂಟೆ ಬಾರಿಸಿತು. ಇವಳು ರೇಷ್ಮೆ ಸೀರೆಯಲ್ಲಿ ಊಟದ ಮನೆಯ ಮೂಲೆಗೆ ಹೋಗಿ ಗೋಡೆಯ ಕಡೆ ತಿರುಗಿ, ಇನ್ನೂ ಸ್ವಲ್ಪ ನೀರು ಸಿಗಬಹುದೇ ಎಂದು ಇಂಗ್ಲಿಷಿನಲ್ಲಿ ಕೇಳತೊಡಗಿದಳು. ಬಡಿಸುವವನು ಗಾಬರಿಯಾಗಿ ಎರಡು ಬಾಟಲಿ ತಂದುಕೊಟ್ಟ.

ಅವತ್ತು ಮನೆಗೆ ಬಂದಮೇಲೆ ನಾನು, "ನೀನು ಓದ್ತಿರೋದು ನಿನಗೋಸ್ಕರ ಅಲ್ಲ, ಆ ಗಿಳಿಗೋಸ್ಕರ" ಎಂದೆ.

"ನೀವು ಎಂ.ಎ. ಓದಿದ್ದು ಯಾರಿಗೋಸ್ಕರ?"

ನಾನು ಯೋಚಿಸಿ, "ನಮ್ಮಪ್ಪನಿಗೆ ಹೆದರ್ಕೊಂಡು" ಎಂದೆ.

"ನನ್ ಗಿಳಿ ಹೊಡೆಯಲ್ಲ, ಬಯ್ಯಲ್ಲ. ಹುಷಾರಿಲ್ದಿರೋ ಥರ ಕೂತ್ಕೊಳ್ಳತ್ತೆ ಅಷ್ಟೆ. ನೋಡಕ್ಕಾಗಲ್ಲ ಕಣ್ರೀ."

ಇನ್ನು ನನ್ನ ಇಂಗ್ಲಿಷಿನ ವಿಷಯ. ಎಂ.ಎ. ಕನ್ನಡದ್ದು, ಇಂಗ್ಲಿಷು ಬಸ್ಸಿನದ್ದು. ಕಾಲೇಜಿಗೆಂದು ವರ್ಷಗಟ್ಟಲೆ ಬೆಂಗಳೂರಿಗೆ ಬಸ್ಸಿನಲ್ಲಿ ಓಡಾಡಿದವನು ನಾನು. ಕಂಡಕ್ಟರ್ "ರೈಟ್, ರೈಟ್" ಅಂದರೆ ಬಸ್ಸು ಹೊರಡಬೇಕು, "ಹೋಲ್ಡಾನ್" ಅಂದರೆ ನಿಲ್ಲಬೇಕು. ನಮ್ಮ ಕಡೆ ಟ್ರ್ಯಾಕ್ಟರೂ ಕಾರೂ ಹಾಲಿನ ವ್ಯಾನೂ ಹಿಂದೆ ಮುಂದೆ ಹೋಗುವುದು ಈ ಎರಡೇ ಮಾತಿನ ಮೇಲೆ. ನಾಗರತ್ನಳೂ ಇದೇ ಇಂಗ್ಲಿಷಿನಲ್ಲಿ ಬೆಳೆದವಳು. ಗಿಳಿ ಅದನ್ನು ಸದ್ದಿಲ್ಲದೆ ಒರೆಸಿಹಾಕಿ ಹೊಸದನ್ನು ಬರೆದಿದೆ ಎಂದು ನನಗೆ ತಿಳಿದಿರಲಿಲ್ಲ.

ಅವತ್ತು ಭಾನುವಾರ ಅವರೆಕಾಯಿ ತರಲು ಹೊಲಕ್ಕೆ ಹೋಗಿದ್ದೆವು. ಹೊಲ ನೋಡಿಕೊಳ್ಳುವವನು ನನ್ನ ಅಣ್ಣ ಮುನಿರಾಜು. ಹೊಂಡ ತೆಗೆಸಿ ಕಪ್ಪು ಪ್ಲಾಸ್ಟಿಕ್ ಹಾಸಿದವನೂ ಅವನೇ. ಅಂಥ ಹೊಂಡಕ್ಕೆ ಜಾರಿದರೆ ಈಜು ಬಂದವರೂ ಹತ್ತಿ ಬರುವುದು ಕಷ್ಟ. ಹಿಡಿಯಲು ಏನೂ ಇರುವುದಿಲ್ಲ. ಮೂಟೆಯನ್ನು ಡಿಕ್ಕಿಗೆ ಹಾಕಿದ ಮೇಲೆ ಕಾರನ್ನು ಬಂಡಿದಾರಿಗೆ ಹಿಂದಕ್ಕೆ ತೆಗೆಯಬೇಕಿತ್ತು. ನಮ್ಮ ಮನೆಯಲ್ಲಿ ಕಾರು ಓಡಿಸುವವಳು ನಾಗರತ್ನ. ನಾನು ಹಿಂದೆ ನಿಂತು ಹೇಳುವವನು. ದಾರಿ ನೇರಕ್ಕಿತ್ತು, ಹೊಂಡ ಅವಳ ಬಲಕ್ಕೆ.

"ರೈಟ್, ರೈಟ್" ಎಂದೆ.

ಕಾರಿನ ಹಿಂಭಾಗ ಬಲಕ್ಕೆ ತಿರುಗಿತು. ಸಾಲದೆಂದುಕೊಂಡಳೋ ಏನೋ, ಇನ್ನೂ ಸ್ವಲ್ಪ ತಿರುಗಿಸಿದಳು. ನಾನು ಗಾಬರಿಯಲ್ಲಿ "ಹೋಲ್ಡಾನ್, ಹೋಲ್ಡಾನ್" ಎಂದು ಕೂಗಿದೆ. ಗಿಳಿಯ ಪಾಠದಲ್ಲಿ ಆ ಮಾತಿಗೆ ಬಿಗಿಯಾಗಿ ಹಿಡಿದುಕೊಳ್ಳಿ ಎಂದು ಅರ್ಥವಂತೆ. ಅವಳು ಸ್ಟೀರಿಂಗನ್ನು ಬಿಗಿಯಾಗಿ ಹಿಡಿದುಕೊಂಡಳು. ಕಾರು ಬಹಳ ಶಿಸ್ತಾಗಿ, ಅವಸರವೇನೂ ಇಲ್ಲದೆ, ಹೊಂಡದ ಕಡೆಗೆ ಹೋಗುತ್ತಿತ್ತು. ನನ್ನ ಬಾಯಿಗೆ ಬೇರೆ ಮಾತೇ ಬರಲಿಲ್ಲ. ಹಳಗನ್ನಡವನ್ನು ಅರ್ಥಸಹಿತ ಓದಿದ ಬಾಯಿ ಮತ್ತೆ ಮತ್ತೆ ಅದೇ "ಹೋಲ್ಡಾನ್" ಅನ್ನುತ್ತಿತ್ತು. ಹಿಂದಿನ ಚಕ್ರ ಪ್ಲಾಸ್ಟಿಕ್ಕಿನ ಅಂಚನ್ನು ತುಳಿಯಿತು. ದಂಡೆಯಿಂದ ಒಂದು ಮಣ್ಣಿನ ಹೆಂಟೆ ಜಾರಿ ನೀರಿಗೆ ಬಿದ್ದ ಸದ್ದು ನನಗೆ ಕೇಳಿಸಿತು. ಈಗಲೂ ಕೇಳಿಸುತ್ತದೆ.

ಆಗ ಟಿಣ್ ಟಿಣ್ ಎಂದಿತು.

ಕಾರು ನಿಂತಿತು. ಹ್ಯಾಂಡ್‌ಬ್ರೇಕ್ ಎಳೆದ ಸದ್ದಾಯಿತು. ಆಮೇಲೆ ಹೊಂಡದ ತುದಿಯಿಂದ, ತೆರೆದ ಕಿಟಕಿಯೊಳಗಿಂದ, ತನಗೆ ಕಿಟಕಿ ಪಕ್ಕದ ಸೀಟು ಬೇಕೆಂದು ನಾಗರತ್ನ ಗಿಳಿಗೆ ಇಂಗ್ಲಿಷಿನಲ್ಲಿ ಸಮಾಧಾನವಾಗಿ ಹೇಳುತ್ತಿದ್ದಳು.

ಅಣ್ಣ ಓಡಿಬಂದ. ಅವಳನ್ನು ಇಳಿಸಿ, ಚಕ್ರಕ್ಕೆ ಕಲ್ಲು ಕೊಟ್ಟು, ಕಾರನ್ನು ಮುಂದಕ್ಕೆ ಎಳೆಸಿದ. ಎಲ್ಲ ಮುಗಿದ ಮೇಲೆ ನನ್ನನ್ನು ನೋಡಿ, "ಏನಪ್ಪಾ, ಮೀನಿಗೆ ಇಂಗ್ಲಿಷ್ ಹೇಳ್ಕೊಡಕ್ಕೆ ಹೊರಟಿದ್ರಾ?" ಎಂದ.

ನಾಗರತ್ನ ಒಮ್ಮೆ ನೀರನ್ನು ನೋಡಿದಳು. ಆಮೇಲೆ, "ನಿಲ್ಸು ಅನ್ನೋಕೆ ಏನಾಗಿತ್ರೀ ನಿಮಗೆ?" ಎಂದಳು.

"ನನ್ನ ಮಾತಿಗೆ ನಿಲ್ದೆ ಇದ್ದೋಳು ಗಿಳಿ ಮಾತಿಗೆ ನಿಂತ್ಯಲ್ಲ."

"ಗಿಳಿ ಮಾತಲ್ಲ. ಐದು ಗಂಟೆ ಅಂತ ಇಟ್ಟೋಳು ನಾನು. ನನ್ ಮಾತಿಗೆ ನಾನೇ ನಿಂತೆ."

ಸ್ವಯಂಕಲಿಕೆಯ ಬಗ್ಗೆ ಇದಕ್ಕಿಂತ ಚೆನ್ನಾದ ಮಾತನ್ನು ನಾನು ಯಾವ ವಿಚಾರಸಂಕಿರಣದಲ್ಲೂ ಕೇಳಿಲ್ಲ. ಅವಳ ಪಾಠ ಮುಂದುವರಿದಿದೆ. ಗಿಳಿಯ ಬಾಲ ಈಗ ನವಿಲಿನ ಬಾಲದಂತಿದೆ. ಕಾರಿನ ಹಿಂದೆ ನಿಂತು ಹೇಳುವ ಕೆಲಸದಿಂದ ನನಗೆ ಬಿಡುಗಡೆಯಾಗಿದೆ. ಉಳಿದಿರುವುದು ಬಲಗಾಲೊಂದೇ. ಆ ಗಂಟೆ ಕೇಳಿದರೆ ಸಾಕು, ಕೂತಲ್ಲೇ ಅದು ಇಲ್ಲದ ಬ್ರೇಕನ್ನು ಒತ್ತುತ್ತದೆ. ಮೊನ್ನೆ ಕೆಲಸ ಮುಗಿಸಿ ಬಸ್ಸಿನಲ್ಲಿ ಮನೆಗೆ ಬರುತ್ತಿದ್ದೆ. ಹಿಂದಿನ ಸೀಟಿನಲ್ಲಿ ಯಾರ ಫೋನಿನಲ್ಲೋ ಅದೇ ಗಿಳಿ ಟಿಣ್ ಟಿಣ್ ಎಂದಿತು. ಕಾಲು ನೆಲವನ್ನು ಒತ್ತಿತು, ಬಾಯಿ "ಹೋಲ್ಡಾನ್" ಎಂದು ಕೂಗಿತು.

ಬಸ್ಸು ಗಕ್ಕನೆ ನಿಂತಿತು. "ಯಾರ್ ಗುರು ಇಲ್ಲಿ ಇಳಿಯೋರು?" ಎಂದು ಕಂಡಕ್ಟರ್ ಸುತ್ತ ನೋಡಿದ. ಹತ್ತಿರದಲ್ಲಿ ಒಂದು ಮನೆಯೂ ಇರಲಿಲ್ಲ. ನಾನೇ ಎಂದು ಇಳಿದೆ. ಅವನು "ರೈಟ್" ಎಂದ, ಬಸ್ಸು ಬಲಕ್ಕೆ ತಿರುಗದೆ ನೇರ ಹೋಯಿತು. ನನ್ನ ಇಂಗ್ಲಿಷ್ ಬಲ್ಲವರು ಇನ್ನೂ ಇದ್ದಾರೆ ಎಂಬ ಸಮಾಧಾನದಲ್ಲಿ ಮನೆಯವರೆಗೆ ನಡೆದೆ.