ಪೀಪಾಯಣ್ಣನ ಬಾಯಿ ಕೆಟ್ಟ ದಿನ

ದೇವರು ಮನುಷ್ಯನಿಗೆ ಒಂದೇ ನಾಲಿಗೆ ಕೊಟ್ಟು, ರುಚಿ ನೋಡುವ ಕೆಲಸವನ್ನೂ ಮಾತಾಡುವ ಕೆಲಸವನ್ನೂ ಅದರ ತಲೆಗೇ ಕಟ್ಟಿದ. ಪೀಪಾಯಣ್ಣನ ಆ ದಿನದ ಗ್ರಹಚಾರಕ್ಕೆಲ್ಲ ಈ ಏರ್ಪಾಡೇ ಮೂಲ.

ಹೊಟ್ಟೆ ಕಿರಿದು ಮಾಡಿಸುವ ಆಪರೇಷನ್ ಆದಮೇಲೆ ಅವನು ಪೀಪಾಯಿ ಹೋಗಿ ಕೊಳವೆಯಾಗಿದ್ದ. ಅಡ್ಡಹೆಸರು ಮಾತ್ರ ತೂಕ ಇಳಿಸಿರಲಿಲ್ಲ. ಜೊತೆಗೊಂದು ಹೊಸ ಪೀಡೆ: ಏನು ತಿಂದರೂ ತುಕ್ಕು ಹಿಡಿದ ಬೀಗದ ಕೈ ಚೀಪಿದ ಹಾಗೆ. "ಸ್ವಲ್ಪ ದಿನ ಹೀಗೇ, ತಾನಾಗೇ ಹೋಗತ್ತೆ. ಲೋಹದ ಚಮಚ ಬೇಡ, ಆಗಾಗ ಬಾಯಿ ಮುಕ್ಕಳಿಸಿ," ಎಂದಿದ್ದರು ಡಾಕ್ಟರು. ಹೆಂಡತಿ ಮರದ ಚಮಚದಲ್ಲಿ ತಣ್ಣನೆಯ ಮೊಸರು ಕೊಟ್ಟಳು. ಬೀಗದ ಕೈಯನ್ನು ಮೊಸರಲ್ಲಿ ಅದ್ದಿದಂತಾಯಿತು, ಅಷ್ಟೆ.

"ಬಾಯಿ ವಿಷಯ ಹಾಗಿರ್ಲಿ. ಇವತ್ತು ಆಫೀಸಲ್ಲಿ ಹಿಂದಿನ ರೂಮು ಕೇಳ್ದೆ ಬರ್ಬೇಡಿ," ಎಂದಳು ಹೆಂಡತಿ.

ಅವನು ಫ್ರಿಜ್ ರಿಪೇರಿ ಕಂಪನಿಯೊಂದರ ದೂರು ಕೌಂಟರಿನಲ್ಲಿದ್ದ. ಯಾರೋ ಮಾಡಿದ ಫ್ರಿಜ್ಜಿಗೆ ಇವನು ಬೈಗುಳ ತಿನ್ನಬೇಕು. ಡಾಕ್ಟರು ಎಲ್ಲಕ್ಕೂ ಪಥ್ಯ ಹೇಳಿದ್ದರು, ಬೈಗುಳಕ್ಕೆ ಮಾತ್ರ ಹೇಳಿರಲಿಲ್ಲ. ಹಿಂದುಗಡೆ ಬಿಡಿಭಾಗಗಳ ಕೋಣೆಯಲ್ಲಿದ್ದವರು ನಿವೃತ್ತರಾಗಿದ್ದರು. ಮನುಷ್ಯರ ಸದ್ದೇ ಇಲ್ಲದ ಆ ಕೋಣೆ ಯಾರಿಗೆ ಎಂಬುದನ್ನು ಮ್ಯಾನೇಜರಮ್ಮ ಅಂದು ಸಂಜೆ ಹೇಳುವವರಿದ್ದರು. ಪೀಪಾಯಣ್ಣನಿಗೆ ಅದೇ ಮೋಕ್ಷ.

ಆಫೀಸಿಗೆ ಕಾಲಿಟ್ಟೊಡನೆ ಟೈಪಿಸ್ಟ್ ಅಕ್ಕ ಕೇಕಿನ ತುಂಡು ಹಿಡಿದು ಬಂದಳು.

"ಬೇಡ ಅಕ್ಕ, ಬಾಯಿ ಕೆಟ್ಟಿದೆ. ಯಾರು ಏನು ಕೊಟ್ರೂ ಉಗಿಯೋಣ ಅನ್ಸತ್ತೆ."

ಬಾಗಿಲಲ್ಲಿದ್ದ ಅಟೆಂಡರನ ಕಿವಿಗೆ ಇದರಲ್ಲಿ ಬೇಕಾದಷ್ಟೇ ಬಿತ್ತು. ಅವನು ನೇರ ಕ್ಯಾಷಿಯರ್ ಹತ್ತಿರ ಹೋದ. "ಸಾರ್, ಪೀಪಾಯಣ್ಣನ ಬಾಯಿ ಕೆಟ್ಟೋಗಿದೆಯಂತೆ. ಯಾರು ಸಿಕ್ಕಿದ್ರೂ ಉಗೀತಾರಂತೆ."

"ಹೊಟ್ಟೆ ಕೊಯ್ದ್ರೆ ಸಿಟ್ಟು ಎಲ್ಲಿಗಪ್ಪ ಹೋಗ್ಬೇಕು? ಮೇಲಕ್ಕೇ ಬರ್ಬೇಕು," ಎಂದ ಕ್ಯಾಷಿಯರ್. ಆ ಸುದ್ದಿಗೆ ಬಾಲ ಕಟ್ಟಿ ಮ್ಯಾನೇಜರಮ್ಮನ ಕೋಣೆಗೆ ಬಿಟ್ಟು ಬಂದ.

ಇತ್ತ ಅಕ್ಕನಿಗೆ ಕರುಣೆ ಉಕ್ಕಿತು. "ಲವಂಗ ಕಚ್ಚು ತಮ್ಮಾ," ಎಂದು ನಾಲ್ಕು ತುರುಕಿದಳು. ವ್ಯಾನ್ ಡ್ರೈವರ್ ಸುಮ್ಮನಿರುತ್ತಾನೆಯೇ? "ಲವಂಗಕ್ಕೆ ಶುಂಠಿ ಸೇರಿದ್ರೇನೇ ಮದ್ದು," ಎಂದು ಹೆಬ್ಬೆರಳಷ್ಟು ಶುಂಠಿ ಒತ್ತಿ, ಮೇಲೆ ಅರ್ಧ ನಿಂಬೆಹಣ್ಣು ಹಿಂಡಿದ. ಪೀಪಾಯಣ್ಣನ ಬಾಯಿ ದಿನಸಿ ಅಂಗಡಿಯ ಚೀಲವಾಯಿತು. ನುಂಗೋಣವೆಂದರೆ ಒಳಗೆ ಜಾಗ ಇಲ್ಲ, ಉಗುಳೋಣವೆಂದರೆ ಕೊಟ್ಟವರು ಎದುರಿಗೇ ನಿಂತಿದ್ದಾರೆ.

ಆ ಹೊತ್ತಿಗೆ ಸರಿಯಾಗಿ 'ಗುಡುಗು' ಬಂದ. ತಿಂಗಳಿಗೊಮ್ಮೆ ಬಂದು ಗಾಜು ಅದುರುವಂತೆ ಕೂಗುವ ಗಿರಾಕಿ ಅವನು.

"ಏನ್ರೀ, ನನ್ನ ಫ್ರಿಜ್ಜಲ್ಲಿ ನೀರು ಕುದೀತಿದೆ. ನೀವಿಲ್ಲಿ ಹಾಯಾಗಿ ಮೆಲ್ತಿದೀರಾ?"

ಪೀಪಾಯಣ್ಣನ ಮುಖ ಕೆಂಡವಾಯಿತು. ಕಣ್ಣಲ್ಲಿ ನೀರು ಬಂತು, ಮೂಗಿನ ಹೊಳ್ಳೆ ಅರಳಿತು. ಒಂದು ನಿಮಿಷ ಎನ್ನಲು ಕೈಯೆತ್ತಿದರೆ ಹೊಡೆಯಲು ಎತ್ತಿದಂತೆ ಕಂಡಿತು. ಗಂಟಲಿಂದ ಹುಲಿಯ ಗುರುಗುರು ಹೊರಟಿತು. ಗುಡುಗು ಒಂದು ಹೆಜ್ಜೆ ಹಿಂದೆ ಸರಿದ.

"ಮ್ಯಾ... ಮ್ಯಾನೇಜರ್ ಎಲ್ಲಿ?"

"ಥೂ," ಎಂದ ಪೀಪಾಯಣ್ಣ, ಕಸದ ಬುಟ್ಟಿಗೆ ಬಗ್ಗಿ. ಲವಂಗ ಗುಂಡಿನಂತೆ ಹಾರಿತು.

"ಅಯ್ಯೋ, ಸಿಟ್ಟು ಮಾಡ್ಕೋಬೇಡಿ ಅಣ್ಣಾ. ಪ್ಲಗ್ಗೇ ಸರಿಯಾಗಿ ಹಾಕಿರ್ಲಿಲ್ವೇನೋ, ನೋಡ್ತೀನಿ," ಎನ್ನುತ್ತ ಗುಡುಗು ಮಳೆಯಿಲ್ಲದೆ ಚದುರಿತು. ಗಾಜಿನಾಚೆ ಮ್ಯಾನೇಜರಮ್ಮ ಎದ್ದು ನಿಂತಿದ್ದರು. ಪೀಪಾಯಣ್ಣ ಕಣ್ಣು ಮುಚ್ಚಿ ಮನೆದೇವರನ್ನು ನೆನೆದ.

ಸಂಜೆ ಮ್ಯಾನೇಜರಮ್ಮನ ಕೋಣೆಯಿಂದ ಕರೆ ಬಂತು.

"ನಿಮ್ಮ ಬಾಯಿ ಕೆಟ್ಟಿದೆಯಂತೆ?"

"ಹೌದಮ್ಮ. ಆಪರೇಷನ್ ಆದಾಗಿಂದ."

"ಉಗೀತೀರಂತೆ?"

"ತಡ್ಕೊಳೋಕೆ ಆಗ್ತಿಲ್ಲಮ್ಮ. ಹಿಂದಿನ ರೂಮು ಕೊಟ್ಬಿಟ್ರೆ ಯಾರಿಗೂ ತೊಂದ್ರೆ ಇಲ್ದೆ ನಾನೊಬ್ನೇ ಉಗೀತಾ ಇರ್ತೀನಿ."

ಮ್ಯಾನೇಜರಮ್ಮನ ಕಣ್ಣು ಹೊಳೆಯಿತು. "ಅಲ್ಲಿ ಹಾಳು ಮಾಡ್ತೀರಾ ಅಂಥ ಬಾಯಿನ? ಇಷ್ಟು ವರ್ಷದಲ್ಲಿ ಆ ಗುಡುಗು ಒಬ್ಬರಿಗೆ 'ಅಣ್ಣಾ' ಅಂದಿದ್ದು ಇವತ್ತೇ. ಹಿಂದಿನ ರೂಮು ಟೈಪಿಸ್ಟ್ ಅಕ್ಕನಿಗೆ ಕೊಟ್ಟಾಯ್ತು, ಪಾಪ, ಅವರದು ಮೆತ್ತನೆ ಬಾಯಿ. ನೀವು ಕೌಂಟರಿಗೇ ಖಾಯಂ. ಪಕ್ಕದ ಕೌಂಟರೂ ನಾಳೆಯಿಂದ ನಿಮ್ದೇ."

"ಅಮ್ಮಾ, ನಾನು ಹೇಳಿದ್ದು ಬಾಯಿರುಚಿ ವಿಷಯ..." ಎಂದು ಅವನು ಬಿಡಿಸಿ ಹೇಳಿದ. ಅವರು ಪೂರ್ತಿ ಕೇಳಿ, ಸುತ್ತ ನೋಡಿ, ದನಿ ಇಳಿಸಿದರು. "ನನಗೆ ಹೇಳಿದ್ರಿ, ಸರಿ. ಹೊರಗೆ ಯಾರಿಗೂ ಹೇಳ್ಬೇಡಿ."

ರಾತ್ರಿ ಹೆಂಡತಿ ಮರದ ಚಮಚದಲ್ಲಿ ಮೊಸರಿಟ್ಟಳು. ನಾಲಿಗೆಗೆ ತಾಕಿದ್ದೇ ತಡ, ಪೀಪಾಯಣ್ಣ ಬೆಚ್ಚಿಬಿದ್ದ. ಬೀಗದ ಕೈ ಇಲ್ಲ. ಹುಳಿ, ತಂಪು, ಕೆನೆಯ ಸಿಹಿ, ದೇವರೇ ಬಡಿಸಿದಂಥ ಮೊಸರು.

"ಬಾಯಿ ಸರಿಹೋಯ್ತೇನ್ರೀ?" ಎಂದು ಅವಳು ಸಂಭ್ರಮದಿಂದ ಕೂಗಿದಳು.

"ಮೆಲ್ಲಗೆ ಕಣೇ," ಎಂದು ಅವನು ಎದ್ದು ಕಿಟಕಿ ಮುಚ್ಚಿದ. "ಆಫೀಸಲ್ಲಿ ಗೊತ್ತಾದ್ರೆ ಕೆಲಸ ಹೋಗತ್ತೆ."